ಮೂರನೇ ದಿನ, 6 ಲೀಟರ್ ಪ್ಲಸ್, ನಾರ್‌ಅಡ್ ಇನ್ನೂ ಓಡ್ತಿದೆ: ಲಾಸಿಕ್ಸಾ, ಇನ್ನೊಂದು ಬೋಲಸ್ಸಾ?

ರಾತ್ರಿಪಾಳಿ_ಪಿಜಿ

ಎಲ್ರಿಗೂ ನಮಸ್ಕಾರ. ಇದು ಪರೀಕ್ಷೆ ಪ್ರಶ್ನೆ ಅಲ್ಲ, ನಿನ್ನೆ ರಾತ್ರಿಯಿಂದ ತಲೆ ತಿಂತಿರೋ ಕೇಸು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ನಲವತ್ತೈದರ ಆಸುಪಾಸಿನ ಪೇಶೆಂಟು, ನ್ಯುಮೋನಿಯಾ, ಅದರಿಂದ ಸೆಪ್ಟಿಕ್ ಶಾಕು (ಸೋಂಕಿಗೆ ಬಿಪಿ ಕುಸಿಯೋದು), ಅದರ ಬೆನ್ನಿಗೇ ಎಆರ್‌ಡಿಎಸ್ (ಶ್ವಾಸಕೋಶ ಊದಿ ನೀರು ತುಂಬಿ ಆಕ್ಸಿಜನ್ ಇಳಿಯೋದು). ವೆಂಟಿಲೇಟರ್ ಮೇಲೆ ಇವತ್ತಿಗೆ ಮೂರನೇ ದಿನ. ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಕೇಜಿಗೆ 6 ಎಂಎಲ್, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸೋ ಒತ್ತಡ) 12, ಆಕ್ಸಿಜನ್ 70 ಪರ್ಸೆಂಟ್, ಎಬಿಜಿ ಅಂದ್ರೆ ರಕ್ತದ ಗ್ಯಾಸ್ ಪರೀಕ್ಷೆಯಲ್ಲಿ ಆಕ್ಸಿಜನ್ 82, ಅಂದ್ರೆ ಪಿ/ಎಫ್ (ರಕ್ತದ ಆಕ್ಸಿಜನ್ ಭಾಗಿಸು ಕೊಡ್ತಿರೋ ಆಕ್ಸಿಜನ್, ಕಮ್ಮಿ ಇದ್ದಷ್ಟೂ ಕೆಟ್ಟದ್ದು) 117. ನಾರ್‌ಅಡ್ರಿನಲಿನ್ (ನಾರ್‌ಅಡ್, ಬಿಪಿ ಏರಿಸೋ ಪ್ರೆಸರ್ ಔಷಧಿ) ಮೊದಲ ದಿನ 0.35 ಇತ್ತು, ಈಗ 0.08 ಮೈಕ್ರೋಗ್ರಾಂಗೆ ಇಳಿದಿದೆ. ಮ್ಯಾಪ್ (ಸರಾಸರಿ ಬಿಪಿ) 68, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ರೆ ಏರೋದು) 1.8, ಸಿವಿಪಿ (ಹೃದಯದ ಹತ್ರದ ಸಿರೆಯ ಒತ್ತಡ) 13, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) 1.6. ಯೂರಿನ್ ಗಂಟೆಗೆ 25-30 ಎಂಎಲ್ ಅಷ್ಟೇ. ಒಟ್ಟು ಬ್ಯಾಲೆನ್ಸ್ (ಒಳಗೆ ಹೋದ ನೀರು ಕಳೆ ಹೊರಗೆ ಬಂದದ್ದು) ಪ್ಲಸ್ 6.4 ಲೀಟರ್.

ಜಗಳ ಏನಂದ್ರೆ, ನಮ್ಮ ಸೀನಿಯರ್ ರಿಜಿಸ್ಟ್ರಾರ್ ಯೂರಿನ್ ಕಮ್ಮಿ ಇದೆ 500 ಎಂಎಲ್ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬೋಲಸ್ (ಒಂದೇ ಸಲ ಜೋರಾಗಿ) ಓಡಿಸು ಅಂತಾರೆ, ಕನ್ಸಲ್ಟೆಂಟ್ ಫೋನಲ್ಲಿ ಒಣಗಿಸು ಅಂದ್ರು ಅಷ್ಟೇ, ಹೇಗೆ ಎಷ್ಟು ಅಂತ ಕೇಳೋಷ್ಟರಲ್ಲಿ ಫೋನ್ ಇಟ್ರು. ಪ್ರೆಸರ್ ಓಡ್ತಿರೋವಾಗ ಲಾಸಿಕ್ಸ್ (ಫ್ಯೂರೋಸೆಮೈಡ್, ಯೂರಿನ್ ಜಾಸ್ತಿ ಮಾಡೋ ಔಷಧಿ) ಹಾಕೋಕೆ ನನ್ಗೆ ಕೈ ಬರ್ತಿಲ್ಲ, ಬೋಲಸ್ ಕೊಡೋಕೂ ಮನಸ್ಸಿಲ್ಲ. ನೀವೆಲ್ಲ ಏನ್ ಮಾಡ್ತೀರಾ?

ಹಳೇ_ವೆಂಟಿಲೇಟರ್

ಮೊದಲು ಯೂರಿನ್ ಬ್ಯಾಗ್ ಕಡೆ ನೋಡೋದು ಬಿಟ್ಟು ಪೇಶೆಂಟ್ ಕಡೆ ನೋಡಿ. ನಾರ್‌ಅಡ್ 0.35ರಿಂದ 0.08ಕ್ಕೆ ಇಳಿದಿದೆ, ಲ್ಯಾಕ್ಟೇಟ್ 2ರ ಒಳಗಿದೆ. ಈ ಮನುಷ್ಯ ಶಾಕ್‌ನಿಂದ ಹೊರಗೆ ಬರ್ತಾ ಇದಾನೆ, ಒಳಗೆ ಹೋಗ್ತಾ ಇಲ್ಲ. ಮೊದಲ ಆರು ಗಂಟೆಯಲ್ಲಿ ಜೀವ ಉಳಿಸಿದ ನೀರೇ ಮೂರನೇ ದಿನ ಶ್ವಾಸಕೋಶದಲ್ಲಿ ಕೂತ್ಕೊಂಡು ಜೀವ ಹಿಂಡತ್ತೆ. ಗಂಟೆಗೆ 25 ಎಂಎಲ್ ಯೂರಿನ್ ಅನ್ನೋದು ನೀರು ಕೊಡಿ ಅನ್ನೋ ಅರ್ಜಿ ಅಲ್ಲ ಮಾರಾಯ್ರೆ.

ಅಂಕಿ ಬೇಕು ಅಂದ್ರೆ 2006ರ ಫ್ಯಾಕ್ಟ್ ಟ್ರಯಲ್ ತಗೊಳ್ಳಿ, 1000 ಜನ ಪೇಶೆಂಟ್ಸು, ಅರ್ಧ ಜನಕ್ಕೆ ನೀರು ಬಿಗಿ, ಅರ್ಧ ಜನಕ್ಕೆ ಧಾರಾಳ. ಏಳು ದಿನ ಆದ್ಮೇಲೆ ಬಿಗಿ ಗುಂಪಿನ ಬ್ಯಾಲೆನ್ಸ್ ಹೆಚ್ಚುಕಮ್ಮಿ ಸೊನ್ನೆ (ಮೈನಸ್ 136 ಎಂಎಲ್), ಧಾರಾಳ ಗುಂಪಿನದು ಪ್ಲಸ್ 6992. ನಿಮ್ಮ ಪೇಶೆಂಟು ಮೂರೇ ದಿನಕ್ಕೆ ಆ ಧಾರಾಳ ಗುಂಪಿನ ಏಳು ದಿನದ ಲೆಕ್ಕಕ್ಕೆ ಬಂದು ನಿಂತಿದಾನೆ. 60 ದಿನದ ಸಾವು 25.5 ಪರ್ಸೆಂಟ್ ವರ್ಸಸ್ 28.4, ಅದು ಲೆಕ್ಕಕ್ಕೆ ಬರೋ ವ್ಯತ್ಯಾಸ ಅಲ್ಲ, ಒಪ್ಕೋತೀನಿ. ಆದ್ರೆ 28 ದಿನದಲ್ಲಿ ವೆಂಟಿಲೇಟರ್ ಇಲ್ಲದ ದಿನಗಳು ಬಿಗಿ ಗುಂಪಲ್ಲಿ 14.6, ಧಾರಾಳ ಗುಂಪಲ್ಲಿ 12.1. ಎರಡೂವರೆ ದಿನ! ಅದೂ ಕಿಡ್ನಿಗೆ ಏನೂ ಹಾನಿ ಆಗ್ದೆ, ಡಯಾಲಿಸಿಸ್ ಬಿಗಿ ಗುಂಪಲ್ಲಿ ಜಾಸ್ತಿ ಆಗ್ಲಿಲ್ಲ.

ಇನ್ನೊಂದು, ಪಿ/ಎಫ್ 117 ಇಟ್ಕೊಂಡು ಇನ್ನೂ ಯಾಕೆ ಬೋರಲು ಮಲಗಿಸಿಲ್ಲ? ಪ್ರೊಸೇವಾ ಟ್ರಯಲ್ 2013ರಲ್ಲೇ ಬಂತು, ಪಿ/ಎಫ್ 150ರ ಕೆಳಗೆ ದಿನಕ್ಕೆ 16 ಗಂಟೆ ಪ್ರೋನ್, 28 ದಿನದ ಸಾವು 32.8ರಿಂದ 16 ಪರ್ಸೆಂಟಿಗೆ ಇಳೀತು. ನೀರಿನ ಚರ್ಚೆಗೆ ಮುಂಚೆ ಅದನ್ನ ಮಾಡಿ.

ಸಂದೇಹಿ

ಹಳೇ ವೆಂಟಿಲೇಟರ್ ಸರ್, ಫ್ಯಾಕ್ಟ್ ಬಗ್ಗೆ ಹೇಳಿದ್ರಲ್ಲ, ಪ್ರೋಟೋಕಾಲ್ ಪೂರ್ತಿ ಓದಿದೀರಾ? ಅದರಲ್ಲಿ ಶಾಕ್ ಇರೋವಾಗ ಫ್ಯೂರೋಸೆಮೈಡ್ ಕೊಡೋ ಹಾಗೇ ಇರ್ಲಿಲ್ಲ. ಪ್ರೆಸರ್ ನಿಂತು 12 ಗಂಟೆ ಆಗಿರ್ಬೇಕು, ಆಮೇಲೆ ಶುರು. ನಮ್ಮ ಪಿಜಿ ಪೇಶೆಂಟಿಗೆ ನಾರ್‌ಅಡ್ ಇನ್ನೂ ಓಡ್ತಿದೆ, ಹಾಗಾಗಿ ನೀವು ತೋರಿಸ್ತಿರೋ ಟ್ರಯಲ್ ಈ ಪೇಶೆಂಟಿಗೆ ಉತ್ತರ ಕೊಡೋದೇ ಇಲ್ಲ. ಜೊತೆಗೆ ಅದರಲ್ಲಿ ಸೇರಿದವರು ಐಸಿಯುಗೆ ಬಂದು ಸುಮಾರು ಎರಡು ದಿನ ಆದವರು, ಶುರುವಿನ ಗಲಾಟೆ ಎಲ್ಲ ಮುಗಿದವರು.

ಆಮೇಲೆ ಎಲ್ರೂ ಮರೆಯೋ ಒಂದು ವಿಷಯ: ಅದೇ ಟ್ರಯಲ್‌ನಲ್ಲಿ ಬದುಕಿದ ಒಂದಷ್ಟು ಜನರನ್ನ ಆಮೇಲೆ ಪರೀಕ್ಷೆ ಮಾಡಿದಾಗ, 2012ರಲ್ಲಿ ಬಂತು, ಬಿಗಿ ಗುಂಪಿನಲ್ಲಿದ್ದವರಲ್ಲಿ ಯೋಚನಾಶಕ್ತಿ ನೆನಪಿನ ಶಕ್ತಿ ತೊಂದರೆ ಜಾಸ್ತಿ ಕಾಣಿಸ್ತು. ಸಣ್ಣ ಗುಂಪು, ಕಾರಣ ಅಂತ ಹೇಳೋಕಾಗಲ್ಲ ಸರಿ, ಆದ್ರೆ ಒಣಗಿಸೋದು ಪುಕ್ಕಟೆ ಅಂತ ಮಾತ್ರ ಯಾರೂ ಅಂದ್ಕೋಬೇಡಿ.

ಹಳೇ_ವೆಂಟಿಲೇಟರ್

12 ಗಂಟೆ ಮಾತು ನಿಜ, ನಾನು ಹೇಳ್ಬೇಕಿತ್ತು, ತಪ್ಪಾಯ್ತು. ಆದ್ರೂ ಒಂದು ಪ್ರಶ್ನೆ ಕೇಳ್ತೀನಿ. ಈ 0.08 ಯಾಕೆ ಓಡ್ತಿದೆ? ಸೆಡೇಶನ್ (ಮಂಪರು ಔಷಧಿ) ಎಷ್ಟಿದೆ? ಮಿಡಜೋಲಾಮ್, ಫೆಂಟನಿಲ್ ಎರಡೂ ಹಾಕಿ, ಮೇಲೆ ಪೀಪ್ 12 ಇಟ್ರೆ ಆರೋಗ್ಯವಂತನಿಗೂ ಬಿಪಿ ಬೀಳತ್ತೆ. ಎದೆ ಒಳಗಿನ ಒತ್ತಡ ಏರಿದ್ರೆ ಹೃದಯಕ್ಕೆ ವಾಪಸ್ ಬರೋ ರಕ್ತ (ವೀನಸ್ ರಿಟರ್ನ್) ಇಳಿಯತ್ತೆ, ಬಿಪಿ ಇಳಿಯತ್ತೆ, ನಾವು ಅದನ್ನ ನೀರಿನ ಕೊರತೆ ಅಂತ ಓದ್ತೀವಿ, ಬೋಲಸ್ ಹಾಕ್ತೀವಿ, ಶ್ವಾಸಕೋಶ ಇನ್ನಷ್ಟು ಒದ್ದೆ ಆಗತ್ತೆ, ಆಕ್ಸಿಜನ್ ಇಳಿಯತ್ತೆ, ಪೀಪ್ ಏರಿಸ್ತೀವಿ, ಮತ್ತೆ ಬಿಪಿ ಬೀಳತ್ತೆ. ಗಾಣದ ಎತ್ತಿನ ತರ ಸುತ್ತೋದೇ. ಇಳಿಮುಖ ಆಗ್ತಿರೋ ಸಣ್ಣ ಡೋಸ್ ಪ್ರೆಸರ್‌ಗೂ ಏರ್ತಾ ಇರೋ 0.35ಕ್ಕೂ ಒಂದೇ ಹೆಸರು ಕೊಡ್ಬಾರ್ದು ಅನ್ನೋದು ನನ್ನ ಅಭಿಪ್ರಾಯ, ಇದಕ್ಕೆ ಟ್ರಯಲ್ ಬಲ ಇಲ್ಲ, ಹಾಸಿಗೆ ಪಕ್ಕ ನಿಂತ ಅನುಭವ ಅಷ್ಟೇ.

ಸಿಸ್ಟರ್_ಬೆಡ್_7

ಡಾಕ್ಟ್ರುಗಳು ಬೋಲಸ್ ಕೊಡೋದಾ ಬೇಡ್ವಾ ಅಂತ ಮೂರು ದಿನ ಜಗಳ ಆಡ್ಬೋದು ಆದ್ರೆ ನೀರು ಬರ್ತಿರೋದು ಬೋಲಸ್‌ನಿಂದ ಅಲ್ಲ. ನಾನು 14 ವರ್ಷದಿಂದ ಇನ್‌ಟೇಕ್ ಔಟ್‌ಪುಟ್ ಚಾರ್ಟ್ ತುಂಬ್ತಿದೀನಿ, ಒಂದು ಮಾಮೂಲಿ ದಿನದ ಲೆಕ್ಕ ಬರೀತೀನಿ ನೋಡಿ.

ಆಂಟಿಬಯೋಟಿಕ್ ಒಂದು ಮೂರು ಸಲ 100 ಎಂಎಲ್‌ನಲ್ಲಿ, ಇನ್ನೊಂದು ಒಂದ್ಸಲ 250ರಲ್ಲಿ, ಅಲ್ಲಿಗೆ 550. ಪ್ಯಾರಾಸಿಟಮಾಲ್ ಬಾಟ್ಲು ನಾಲ್ಕು, 400. ಫೆಂಟನಿಲ್ ಗಂಟೆಗೆ 5, ಮಿಡಜೋಲಾಮ್ 3, ದಿನಕ್ಕೆ 192. ನಾರ್‌ಅಡ್ ಗಂಟೆಗೆ 4 ಅಂದ್ರೆ 96. ಪೊಟ್ಯಾಶಿಯಂ ಎರಡು ಸಲ 100ರಲ್ಲಿ, 200. ಆರ್ಟೀರಿಯಲ್ ಲೈನ್ ಪ್ರೆಶರ್ ಬ್ಯಾಗ್ ಗಂಟೆಗೆ 3 ಅಂತ 72. ಔಷಧಿ ಕೊಟ್ಟಾಗೆಲ್ಲ 10 ಎಂಎಲ್ ಫ್ಲಶ್, ಇಪ್ಪತ್ತು ಸಲ ಹಿಡಿದ್ರೆ 200. ಕೂಡ್ಸಿ. 1710 ಎಂಎಲ್. ಯಾರೂ ನೀರು ಕೊಡಿ ಅಂತ ಆರ್ಡರ್ ಬರ್ದಿಲ್ಲ, ಆದ್ರೂ ಹೆಚ್ಚುಕಮ್ಮಿ ಒಂದೂಮುಕ್ಕಾಲು ಲೀಟರ್ ಒಳಗೆ ಹೋಯ್ತು. ಇದರ ಮೇಲೆ ಟ್ಯೂಬ್ ಫೀಡ್ ಗಂಟೆಗೆ 50, ಅದು 1200. ಫ್ಲಶ್ ಚಾರ್ಟಲ್ಲಿ ಬರೆಯೋರೂ ಕಮ್ಮಿ.

ಪಿಜಿ ಡಾಕ್ಟ್ರೇ, ದಯವಿಟ್ಟು ಒಂದ್ಸಲ ಹೋಗಿ ನೋಡಿ, ಮೇಂಟೆನೆನ್ಸ್ ಡ್ರಿಪ್ (ದಿನವಿಡೀ ಸಣ್ಣಗೆ ಓಡೋ ಡ್ರಿಪ್) ಇನ್ನೂ ಓಡ್ತಿದ್ಯಾ ಅಂತ.

ರಾತ್ರಿಪಾಳಿ_ಪಿಜಿ

ಸಿಸ್ಟರ್. ಓಡ್ತಿದೆ. ನಾರ್ಮಲ್ ಸಲೈನ್ ಗಂಟೆಗೆ 75. ಮೊದಲ ದಿನ ಎಮರ್ಜೆನ್ಸಿಲಿ ಯಾರೋ ಬರೆದಿದ್ದು, ಮೂರು ರೌಂಡ್ಸ್ ಆದ್ರೂ ಯಾರೂ ಕಣ್ಣೆತ್ತಿ ನೋಡಿಲ್ಲ, ನಾನೂ ನೋಡಿಲ್ಲ. ಫೀಡ್ ಕೂಡ ಫುಲ್ ಹೋಗ್ತಿದೆ. ನಾಚಿಕೆ ಆಗ್ತಿದೆ.

ಸಿಸ್ಟರ್_ಬೆಡ್_7

ಗಂಟೆಗೆ 75 ಅಂದ್ರೆ ದಿನಕ್ಕೆ 1800. ನಾಚ್ಕೋಬೇಡಿ, ಎಲ್ಲ ಕಡೆ ಹಿಂಗೇ. ಶುರು ಮಾಡೋಕೆ ನೂರು ಜನ, ನಿಲ್ಸೋಕೆ ಯಾರೂ ಇಲ್ಲ.

ಮಾತ್ರೆಡಬ್ಬಿ

ಕ್ಲಿನಿಕಲ್ ಫಾರ್ಮಸಿಯಿಂದ ಎರಡು ಮಾತು. ಸಿಸ್ಟರ್ ಹೇಳಿದ್ದಕ್ಕೆ ಹೆಸರೇ ಇದೆ, ಫ್ಲೂಯಿಡ್ ಕ್ರೀಪ್ ಅಂತಾರೆ, ನೀರು ಸದ್ದಿಲ್ದೆ ತೆವಳ್ಕೊಂಡು ಒಳಗೆ ಬರೋದು. 2018ರಲ್ಲಿ ಒಂದು ದೊಡ್ಡ ಐಸಿಯು ಲೆಕ್ಕ ಹಾಕ್ದಾಗ ಒಟ್ಟು ದ್ರವದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಔಷಧಿ ಕಲೆಸೋ ನೀರು ಮತ್ತು ಲೈನ್ ತೆರೆದಿಡೋ ನೀರೇ ಆಗಿತ್ತು, ಶಾಕಿಗೆ ಅಂತ ಕೊಟ್ಟ ಬೋಲಸ್ಸಿನ ಪಾಲು ಅದರ ಮುಂದೆ ತೀರಾ ಚಿಕ್ಕದು. ಎರಡನೇದು ಉಪ್ಪು. ನಾರ್ಮಲ್ ಸಲೈನ್ ಒಂದು ಲೀಟರಲ್ಲಿ 9 ಗ್ರಾಂ ಉಪ್ಪು, 154 ಮಿಲಿಈಕ್ವಿವಲೆಂಟ್ ಸೋಡಿಯಂ. ನೀರು ಹಿಡಿದಿಟ್ಕೊಳ್ಳೋದು ಸೋಡಿಯಂ, ಆ ಉಪ್ಪನ್ನ ಹೊರಗೆ ಹಾಕೋಕೆ ಕಾಯಿಲೆ ಬಿದ್ದ ಕಿಡ್ನಿ ದಿನಗಟ್ಲೆ ತಗೊಳತ್ತೆ.

ಮಾಡೋಕಾಗೋದು ಏನು ಅಂದ್ರೆ ಇನ್ಫ್ಯೂಶನ್ ಡಬಲ್ ಅಥವಾ ಕ್ವಾಡ್ರಪಲ್ ಸ್ಟ್ರೆಂತ್ ಮಾಡಿ, ಎರಡು ಪಟ್ಟು ಗಟ್ಟಿ ಮಾಡಿದ್ರೆ ನೀರು ಅರ್ಧ. ಆದ್ರೆ ಸಿರಿಂಜ್ ಮೇಲೆ ದಪ್ಪಗೆ ಬರೀರಿ, ರೇಟ್ ಬದಲಾಯ್ಸೋದು ಮರೆತ್ರೆ ಪೇಶೆಂಟಿಗೆ ಎರಡು ಪಟ್ಟು ನಾರ್‌ಅಡ್ ಹೋಗತ್ತೆ. ಪೊಟ್ಯಾಶಿಯಂ, ಪ್ಯಾರಾಸಿಟಮಾಲ್ ಟ್ಯೂಬಲ್ಲಿ ಹೋಗೋ ಹಾಗಿದ್ರೆ ಟ್ಯೂಬಲ್ಲೇ ಕೊಡಿ. ಡೆಕ್ಸ್‌ಟ್ರೋಸ್‌ಗೆ ಹೊಂದೋ ಔಷಧಿಗಳನ್ನ ಸಲೈನ್‌ನಲ್ಲಿ ಕಲೆಸ್ಬೇಡಿ.

ಕಿಡ್ನಿ_ಕಾವಲುಗಾರ

ನೆಫ್ರಾಲಜಿ ಕಡೆಯಿಂದ. ಯೂರಿನ್ ಕಮ್ಮಿ ಅಂದ ಕೂಡ್ಲೆ ನೀರು ಅನ್ನೋರು ಒಂದು ಸಣ್ಣ ಲೆಕ್ಕ ಮಾಡಿ. ಕಿಡ್ನಿಗೆ ರಕ್ತ ತಳ್ಳೋ ಒತ್ತಡ ಅಂದ್ರೆ ಸ್ಥೂಲವಾಗಿ ಮ್ಯಾಪ್ ಕಳೆ ಸಿವಿಪಿ. ಇಲ್ಲಿ 68 ಕಳೆ 13, ಅಂದ್ರೆ 55. ಬೋಲಸ್ ಕೊಟ್ಟು ಮ್ಯಾಪ್ 70, ಸಿವಿಪಿ 17 ಆದ್ರೆ? 53. ಬಿಪಿ ಏರ್ತು ಅಂತ ಖುಷಿ, ಕಿಡ್ನಿಗೆ ಮಾತ್ರ ನಷ್ಟ. ಕಿಡ್ನಿ ಸುತ್ತ ಗಟ್ಟಿ ಚೀಲ ಇದೆ, ಊದ್ಕೊಂಡ್ರೆ ಹಿಗ್ಗೋಕೆ ಜಾಗ ಇಲ್ಲ, ಒಳಗೊಳಗೇ ಹಿಸುಕ್ಕೊಳತ್ತೆ.

ಕ್ರಿಯಾಟಿನಿನ್ 1.6 ಅನ್ನೋದನ್ನೂ ನಂಬ್ಬೇಡಿ. 6 ಲೀಟರ್ ಜಾಸ್ತಿ ನೀರಲ್ಲಿ ಕರಗಿದ 1.6 ಅದು, ನಿಜವಾದ್ದು ಅದಕ್ಕಿಂತ ಮೇಲಿದೆ. ಫ್ಯಾಕ್ಟ್ ಪೇಶೆಂಟುಗಳ ಕ್ರಿಯಾಟಿನಿನ್ನನ್ನ ಆಮೇಲೆ ಈ ನೀರಿನ ಲೆಕ್ಕಕ್ಕೆ ಸರಿಪಡಿಸಿ ನೋಡ್ದಾಗ ಕಿಡ್ನಿ ಪೆಟ್ಟು ಬಿಗಿ ಗುಂಪಲ್ಲೇ ಕಮ್ಮಿ ಅಂತ ಕಾಣಿಸ್ತು. ಹಾಗೇನೇ ನೀರು ತೆಗೆಯೋವಾಗ ಕ್ರಿಯಾಟಿನಿನ್ ಸ್ವಲ್ಪ ಏರತ್ತೆ, ಗಾಬರಿ ಬಿದ್ದು ಮತ್ತೆ ಡ್ರಿಪ್ ಹಾಕ್ಬೇಡಿ, ಎಷ್ಟೋ ಸಲ ಬರೀ ಗಟ್ಟಿಯಾಗಿರೋ ರಕ್ತದ ಲೆಕ್ಕ ಅದು.

ಫ್ಯೂರೋಸೆಮೈಡ್ ಕಿಡ್ನಿನ ವಾಸಿ ಮಾಡಲ್ಲ, ಇದನ್ನ ಗೋಡೆ ಮೇಲೆ ಬರೆದಿಡಿ. ಆದ್ರೆ ಕಿಡ್ನಿ ಏನ್ ಹೇಳತ್ತೆ ಅಂತ ತಿಳ್ಕೊಳ್ಳೋಕೆ ಒಳ್ಳೇ ಪರೀಕ್ಷೆ. ಮೊದಲ ಸಲ ಆದ್ರೆ ಕೇಜಿಗೆ 1 ಮಿಲಿಗ್ರಾಂ, ಮುಂಚೆ ತಗೊಂಡವರಿಗೆ 1.5. ಎರಡು ಗಂಟೆಯಲ್ಲಿ 200 ಎಂಎಲ್ ದಾಟಿಲ್ಲ ಅಂದ್ರೆ ಕಿಡ್ನಿ ಕೆಳಗಿಳೀತಿದೆ ಅಂತ ಲೆಕ್ಕ, ಡೋಸ್ ಏರಿಸ್ತಾ ಕೂರೋ ಬದಲು ನಮಗೆ ಒಂದು ಫೋನ್ ಮಾಡಿ. ಡಯಾಲಿಸಿಸ್ ಮಶೀನಲ್ಲಿ ನೀರು ತೆಗೆಯೋದಾದ್ರೂ ಅವಸರ ಬೇಡ, ಗಂಟೆಗೆ ಕೇಜಿಗೆ 1.75 ಎಂಎಲ್‌ಗಿಂತ ಜೋರಾಗಿ ಎಳೆದವರಲ್ಲಿ ಸಾವು ಜಾಸ್ತಿ ಕಂಡಿದೆ.

ಅಪ್ಪನಿಗಾಗಿ

ಕ್ಷಮಿಸಿ ನಾನು ಡಾಕ್ಟರ್ ಅಲ್ಲ, ನಮ್ಮ ತಂದೆ ಇದೇ ತರ ವೆಂಟಿಲೇಟರ್ ಮೇಲಿದಾರೆ ಅದಕ್ಕೆ ಹುಡುಕ್ತಾ ಇಲ್ಲಿಗೆ ಬಂದೆ, ಅರ್ಧ ಅರ್ಥ ಆಗ್ಲಿಲ್ಲ. ಅವರ ಕೈಕಾಲು ಮುಖ ಎಲ್ಲ ಊದ್ಕೊಂಡಿದೆ ಕಣ್ಣು ತೆರೆಯೋಕೂ ಆಗಲ್ಲ ಅಷ್ಟು, ಆದ್ರೆ ತುಟಿ ಮಾತ್ರ ಒಣಗಿ ಬಿರುಕು ಬಿಟ್ಟಿದೆ. ಡಾಕ್ಟ್ರು ಈಗ ನೀರು ಕಮ್ಮಿ ಮಾಡ್ತಿದೀವಿ ಅಂದ್ರು. ಒಣಗಿರೋ ಮನುಷ್ಯನಿಗೆ ಇನ್ನೂ ಯಾಕೆ ನೀರು ಕಮ್ಮಿ ಮಾಡ್ತಾರೆ ಕಿಡ್ನಿ ಹೋಗಲ್ವಾ, ಕೇಳಿದ್ರೆ ಬೈತಾರೇನೋ ಅಂತ ಭಯ.

ಹಳೇ_ವೆಂಟಿಲೇಟರ್

ಇಲ್ಲಿ ಕ್ಷಮೆ ಕೇಳೋ ಅಗತ್ಯ ಇಲ್ಲ. ನಿಮ್ಮ ತಂದೆಯವರ ಬಗ್ಗೆ ನಿರ್ಧಾರ ಅವರನ್ನ ನೋಡ್ತಿರೋ ಡಾಕ್ಟ್ರೇ ಮಾಡ್ಬೇಕು, ನಾನು ವಿಷಯ ಮಾತ್ರ ಬಿಡಿಸಿ ಹೇಳ್ತೀನಿ. ನಮ್ಮ ರಕ್ತನಾಳದ ಗೋಡೆ ಒಳ್ಳೇ ಮಡಕೆ ಇದ್ದ ಹಾಗೆ, ನೀರು ಹಿಡ್ಕೊಳತ್ತೆ. ಜೋರು ಸೋಂಕು ಬಂದಾಗ ಆ ಮಡಕೆ ಜರಡಿ ಆಗ್ಬಿಡತ್ತೆ. ಕೊಟ್ಟ ನೀರಲ್ಲಿ ಸ್ವಲ್ಪ ಭಾಗ ಮಾತ್ರ ನಾಳದಲ್ಲಿ ಉಳಿಯತ್ತೆ, ಬಾಕಿದೆಲ್ಲ ಸೋರಿ ಚರ್ಮದ ಕೆಳಗೆ, ಹೊಟ್ಟೆಗೆ, ಶ್ವಾಸಕೋಶಕ್ಕೆ ಹೋಗತ್ತೆ. ಚರ್ಮದ ಕೆಳಗಿನ ಊತ ನೋಡೋಕೆ ಕಷ್ಟ ಅಷ್ಟೇ, ಶ್ವಾಸಕೋಶದ್ದು ಹಾಗಲ್ಲ, ಗಾಳಿ ಇರ್ಬೇಕಾದ ಜಾಗದಲ್ಲಿ ನೀರು ಕೂತ್ರೆ ಆಕ್ಸಿಜನ್ ರಕ್ತಕ್ಕೆ ದಾಟೋದಿಲ್ಲ. ಅದಕ್ಕೆ ಶುರುವಿನ ಅಪಾಯ ಕಳೆದ ಮೇಲೆ ಕಮ್ಮಿ ಮಾಡ್ತಾರೆ. ತುಟಿ ಒಣಗಿರೋದು ಬಾಯಿ ತೆರೆದಿರೋದ್ರಿಂದ, ಟ್ಯೂಬ್ ಇರೋದ್ರಿಂದ. ಅದು ದೇಹದಲ್ಲಿ ನೀರು ಇಲ್ಲ ಅಂತ ಅಲ್ಲ.

ಕೇಳೋಕೆ ಭಯ ಬೇಡ. ಇವತ್ತಿನ ಬ್ಯಾಲೆನ್ಸ್ ಎಷ್ಟು, ಯೂರಿನ್ ಎಷ್ಟು, ಆಕ್ಸಿಜನ್ ಎಷ್ಟು ಪರ್ಸೆಂಟ್ ಬೇಕಾಗ್ತಿದೆ ಅಂತ ಈ ಮೂರೇ ಕೇಳಿ.

ಸಿಸ್ಟರ್_ಬೆಡ್_7

ತುಟಿಗೆ ಒದ್ದೆ ಸ್ವಾಬ್ ಹಚ್ಚೋಕೆ, ಮೇಲೆ ಮುಲಾಮು ಹಚ್ಚೋಕೆ ಸಿಸ್ಟರ್ ಹತ್ರ ಕೇಳಿ, ಭೇಟಿ ಟೈಮಲ್ಲಿ ನೀವೇ ಮಾಡ್ಬೋದಾ ಅಂತಾನೂ ಕೇಳಿ. ಎಷ್ಟೋ ಜನ ಬಿಡ್ತಾರೆ. ಅವರಿಗೆ ಬಾಯಾರಿಕೆ ಆಗತ್ತೆ, ಹೇಳೋಕೆ ಆಗಲ್ಲ ಅಷ್ಟೇ.

ಎಮರ್ಜೆನ್ಸಿ_ಬಾಗಿಲು

ಚರ್ಚೆ ಒಂದೇ ಕಡೆಗೆ ವಾಲ್ತಿದೆ ಅನ್ನಿಸಿ ಬರೀತಿದೀನಿ. ಎಆರ್‌ಡಿಎಸ್ ಅಂದ ತಕ್ಷಣ ನೀರು ಮುಟ್ಬೇಡಿ ಅಂತ ಹೊಸಬರು ಓದ್ಕೊಂಡ್ರೆ ನಾಳೆ ನಮ್ಮ ಬಾಗಿಲಿಗೆ ಬರೋ ಶಾಕ್ ಪೇಶೆಂಟ್ ಸಾಯ್ತಾನೆ. ಮೊದಲ ಗಂಟೆಗಳಲ್ಲಿ ನಿಜವಾಗ್ಲೂ ನಾಳ ಖಾಲಿ ಇರತ್ತೆ, ಜ್ವರ, ವಾಂತಿ, ಊಟ ಇಲ್ಲ, ಜೊತೆಗೆ ಸೋರಿಕೆ. ಸೆಪ್ಸಿಸ್ ಗೈಡ್‌ಲೈನ್ 2021ರಲ್ಲೂ ಮೊದಲ ಮೂರು ಗಂಟೆಯಲ್ಲಿ ಕೇಜಿಗೆ 30 ಎಂಎಲ್ ಕೊಡಿ ಅಂತ ಸಲಹೆ ಇದೆ, ಬಲವಾದ ಆದೇಶ ಅಲ್ಲ, ಸಲಹೆ.

ಅದಾದ ಮೇಲೆ ಏನು ಅನ್ನೋದಕ್ಕೆ ಕ್ಲೋವರ್ಸ್ ಇದೆ, 2023, 1563 ಜನ, ಒಂದು ಗುಂಪಿಗೆ ಬೇಗ ಪ್ರೆಸರ್, ಇನ್ನೊಂದಕ್ಕೆ ಜಾಸ್ತಿ ನೀರು, ಮೊದಲ 24 ಗಂಟೆಯಲ್ಲಿ ಸುಮಾರು 2 ಲೀಟರ್ ವ್ಯತ್ಯಾಸ. ಸಾವು 14.0 ಮತ್ತು 14.9 ಪರ್ಸೆಂಟ್, ಹೆಚ್ಚುಕಮ್ಮಿ ಒಂದೇ. ಅದಕ್ಕೆ ಮುಂಚೆ 2022ರ ಕ್ಲಾಸಿಕ್‌ನಲ್ಲೂ ಅಷ್ಟೇ, 42.3 ಮತ್ತು 42.1. ಅಂದ್ರೆ ನೀರು ಕಮ್ಮಿ ಕೊಟ್ರೆ ಕೊಲ್ಲಲ್ಲ, ಜಾಸ್ತಿ ಕೊಟ್ರೆ ಉಳಿಸಲ್ಲ. ಈ ಎರಡೂ ಸೆಪ್ಸಿಸ್ ಟ್ರಯಲ್‌ಗಳು, ಎಆರ್‌ಡಿಎಸ್ ಟ್ರಯಲ್ ಅಲ್ಲ ಅನ್ನೋದು ನೆನಪಿರ್ಲಿ.

ಸಂದೇಹಿ

ಹೌದು, ಜೊತೆಗೆ 2011ರ ಫೀಸ್ಟ್ ಸೇರಿಸಿ. ಉಗಾಂಡ, ಕೀನ್ಯಾ, ಟಾಂಜಾನಿಯಾದಲ್ಲಿ ಜ್ವರ ಬಂದು ರಕ್ತಸಂಚಾರ ಕುಗ್ಗಿದ 3141 ಮಕ್ಕಳು. ಬೋಲಸ್ ಕೊಟ್ಟವರಲ್ಲಿ 48 ಗಂಟೆಯ ಸಾವು ಸುಮಾರು 10.5 ಪರ್ಸೆಂಟ್, ಕೊಡದವರಲ್ಲಿ 7.3. ಎಲ್ರೂ ಉಲ್ಟಾ ಬರತ್ತೆ ಅಂದ್ಕೊಂಡಿದ್ರು. ಅಲ್ಲಿ ವೆಂಟಿಲೇಟರ್ ಇರ್ಲಿಲ್ಲ, ನಮ್ಮ ದೊಡ್ಡವರ ಐಸಿಯುಗೆ ನೇರ ಅನ್ವಯ ಆಗಲ್ಲ, ಆದ್ರೆ ನೀರು ನಿರಪಾಯಕಾರಿ ಅನ್ನೋ ನಂಬಿಕೆ ಅವತ್ತೇ ಮುರಿದು ಬಿತ್ತು.

ಅರಿವಳಿಕೆ_ಅಣ್ಣ

ಬೋಲಸ್ ಕೊಡ್ಬೇಕು ಅಂತ ಕೈ ತುರಿಸಿದ್ರೆ ಮೊದಲು ಅದು ಕೆಲಸ ಮಾಡತ್ತಾ ನೋಡಿ. ಕಾಲು ಎತ್ತಿ ನೋಡೋ ಪರೀಕ್ಷೆ (ಪಿಎಲ್‌ಆರ್) ಇದೆಯಲ್ಲ, ಸುಮಾರು 300 ಎಂಎಲ್ ರಕ್ತ ಎದೆ ಕಡೆ ಬರತ್ತೆ, ಕೊಡೋ ಖರ್ಚಿಲ್ಲ, ಕಾಲು ಇಳಿಸಿದ್ರೆ ವಾಪಸ್. ಒಂದು ನಿಮಿಷದ ಒಳಗೆ ಕಾರ್ಡಿಯಾಕ್ ಔಟ್‌ಪುಟ್ (ಹೃದಯ ನಿಮಿಷಕ್ಕೆ ಪಂಪ್ ಮಾಡೋ ರಕ್ತ) 10 ಪರ್ಸೆಂಟ್ ಏರ್ಬೇಕು. ಬಿಪಿ ನೋಡಿ ತೀರ್ಮಾನ ಮಾಡಿದ್ರೆ ಮೋಸ ಹೋಗ್ತೀರಾ. ಪ್ರೋನ್ ಮಾಡಿದ ಪೇಶೆಂಟಿಗೆ ಇದು ಆಗಲ್ಲ. ಪಲ್ಸ್ ಪ್ರೆಶರ್ ವೇರಿಯೇಶನ್ (ಪಿಪಿವಿ, ಉಸಿರಿನ ಜೊತೆ ನಾಡಿ ಒತ್ತಡ ಏರಿಳಿಯೋ ಪ್ರಮಾಣ) ಕೂಡ ಎಆರ್‌ಡಿಎಸ್‌ನಲ್ಲಿ ಕೈ ಕೊಡತ್ತೆ, ಯಾಕಂದ್ರೆ ಟೈಡಲ್ ವಾಲ್ಯೂಮ್ 6 ಇದ್ದಾಗ ಎದೆ ಒಳಗಿನ ಒತ್ತಡದ ಏರಿಳಿತ ಸಾಲಲ್ಲ. ಒಂದು ನಿಮಿಷ ಮಾತ್ರ 6ರಿಂದ 8ಕ್ಕೆ ಏರಿಸಿ, ಪಿಪಿವಿ 3.5 ಪಾಯಿಂಟ್ ಏರಿದ್ರೆ ನೀರಿಗೆ ಸ್ಪಂದಿಸ್ತಾನೆ, ವಾಪಸ್ 6ಕ್ಕೆ ತರೋದು ಮರೀಬೇಡಿ.

ಇನ್ನೊಂದು ಗುಂಡಿ ಇದೆ, ಬಲ ಹೃದಯ. ಮಧ್ಯಮ, ತೀವ್ರ ಎಆರ್‌ಡಿಎಸ್‌ನಲ್ಲಿ ಐದರಲ್ಲಿ ಒಬ್ಬರಿಗೆ ರೈಟ್ ವೆಂಟ್ರಿಕಲ್ ಉಬ್ಬಿಕೊಂಡು ಎಡಗಡೆದನ್ನ ಒತ್ತತ್ತೆ. ಆಗ ಪಿಪಿವಿ ಜಾಸ್ತಿ ಕಾಣಿಸತ್ತೆ, ನೀರು ಬೇಕು ಅಂತ ಅನ್ಸತ್ತೆ, ಕೊಟ್ರೆ ಮುಗೀತು. ಎಕೋ (ಹೃದಯದ ಅಲ್ಟ್ರಾಸೌಂಡ್) ಪ್ರೋಬ್ ಇಟ್ಟು ಎರಡು ನಿಮಿಷ ನೋಡಿ.

ಇಷ್ಟೆಲ್ಲ ಆಗಿ ಸ್ಪಂದಿಸ್ತಾನೆ ಅಂತ ಬಂತು ಅಂದ್ಕೊಳ್ಳಿ, ಆದ್ರೂ ಕೊಡ್ಲೇಬೇಕು ಅಂತಿಲ್ಲ. ನಾನು ನೀವು ಇಬ್ರೂ ಸ್ಪಂದಿಸ್ತೀವಿ, ನಮಗೆ ಯಾರಾದ್ರೂ ಬೋಲಸ್ ಹಾಕ್ತಾರಾ?

ಗಡಿನಾಡ_ಡಾಕ್ಟರ್

ನೀವೆಲ್ಲಾ ಕಾರ್ಡಿಯಾಕ್ ಔಟ್‌ಪುಟ್ ಮಾನಿಟರ್ ಅಂತೀರಿ, ನಮ್ಮ ಹತ್ರ ಅದೆಲ್ಲಾ ಇಲ್ರಿ. ಒಂದು ಅಲ್ಟ್ರಾಸೌಂಡ್ ಐತಿ, ಅದೂ ಹೆರಿಗಿ ವಾರ್ಡಿನವ್ರು ಕೊಟ್ರ ಸಿಗತೈತಿ. ನಾವ್ ಮಾಡೂದು ಇಷ್ಟ. ಬೆರಳ ತುದಿ 10 ಸೆಕೆಂಡ್ ಒತ್ತಿ ಹಿಡದು ಬಿಡೂದು, 3 ಸೆಕೆಂಡ್‌ದಾಗ ಕೆಂಪಗ ಆಗಬೇಕು. ಅಂಡ್ರೊಮಿಡಾ ಶಾಕ್ ಟ್ರಯಲ್, 2019, 424 ಮಂದಿ, ಒಂದು ಗುಂಪು ಬೆರಳು ನೋಡಕೋತ ಹೋತು, ಇನ್ನೊಂದು ಲ್ಯಾಕ್ಟೇಟ್ ನೋಡಕೋತ. ಬೆರಳಿನ ಗುಂಪಿನಾಗ ಸಾವು 34.9, ಲ್ಯಾಕ್ಟೇಟ್ ಗುಂಪಿನಾಗ 43.4. ಅಂಕಿಸಂಖ್ಯೆ ಲೆಕ್ಕದಾಗ ಕೂದಲೆಳೆಯಷ್ಟು ತಪ್ಪಿತು ಖರೆ, ಆದ್ರ ಬೆರಳು ಯಾವ ಯಂತ್ರಕ್ಕೂ ಕಮ್ಮಿ ಇಲ್ಲ ಅನ್ನೂದಂತೂ ಗೊತ್ತಾತು. ಬೆರಳು ಬೆಚ್ಚಗ ಐತಿ, ಲಗೂನ ಕೆಂಪಾಕ್ಕೈತಿ ಅಂದ್ರ ನಾನು ಯೂರಿನ್ ಕಮ್ಮಿ ಐತಿ ಅಂತ ನೀರ್ ಕೊಡಂಗಿಲ್ರಿ.

ಪ್ರೋಬ್ ಸಿಕ್ಕ ದಿನ ಎದಿ ಮ್ಯಾಲೆ ಇಟ್ಟು ಬಿ ಲೈನ್ (ಶ್ವಾಸಕೋಶ ಒದ್ದಿ ಇದ್ರ ಕಾಣೂ ಬಿಳಿ ಗೆರಿ) ಎಣಸ್ತೀನಿ. ಎಆರ್‌ಡಿಎಸ್‌ನಾಗ ಅವು ಹೆಂಗೂ ಇರ್ತಾವ, ಆದ್ರ ಬೋಲಸ್ ಮುಂಚೆ ಇಲ್ಲದ ಕಡೆ ಆಮ್ಯಾಲೆ ಬಂದ್ವು ಅಂದ್ರ ನಿಲ್ಲಸ್ಬೇಕು. ಡೆಂಗಿ ಪೇಶೆಂಟ್ ನೋಡಿದವ್ರಿಗೆ ಇದು ಹೊಸಾದೇನಲ್ಲ. ಸೋರೂದು ಒಂದೆರಡು ದಿನ, ಆಮ್ಯಾಲೆ ಸೋರಿದ್ದೆಲ್ಲಾ ತಾನ ಹೊಳ್ಳಿ ನಾಳಕ್ಕ ಬರತೈತಿ, ಆ ಹೊತ್ತಿನಾಗ ಡ್ರಿಪ್ ಬಿಚ್ಚಲಿಲ್ಲ ಅಂದ್ರ ಎದಿ ತುಂಬತೈತಿ. ಡೆಂಗಿಯಾಗ ಆ ತಿರುವು ತಾನ ಬರತೈತಿ, ಎಆರ್‌ಡಿಎಸ್‌ನಾಗ ನಾವ ತಿರುಗಿಸ್ಬೇಕು, ಅಷ್ಟ ಫರಕು.

ರಾತ್ರಿಪಾಳಿ_ಪಿಜಿ

ಅಪ್‌ಡೇಟ್. ಮೇಂಟೆನೆನ್ಸ್ ನಿಲ್ಲಿಸಿದೆ. ಇನ್ಫ್ಯೂಶನ್ ಡಬಲ್ ಸ್ಟ್ರೆಂತ್ ಮಾಡಿಸಿದೆ, ಸಿರಿಂಜ್ ಮೇಲೆ ಕೆಂಪು ಸ್ಟಿಕರ್. ಬೆರಳು ಒತ್ತಿ ನೋಡ್ದೆ, 2 ಸೆಕೆಂಡ್. ಪಿಎಲ್‌ಆರ್ ಮಾಡಿ ಎಕೋದಲ್ಲಿ ನೋಡಿದ್ವಿ, ಏನೂ ಏರ್ಲಿಲ್ಲ, ಅದು ನೋಡಿ ರಿಜಿಸ್ಟ್ರಾರ್ ಕೂಡ ಬೋಲಸ್ ಬೇಡ ಅಂದ್ರು. ಬಲ ಹೃದಯ ಸ್ವಲ್ಪ ದೊಡ್ಡದಿದೆ. ಸೆಡೇಶನ್ ಮಾತ್ರ ಕಮ್ಮಿ ಮಾಡೋಕಾಗ್ಲಿಲ್ಲ ಯಾಕಂದ್ರೆ ಪ್ರೋನ್ ಮಾಡೋಕೆ ತಯಾರಿ. ಕನ್ಸಲ್ಟೆಂಟ್ ಹತ್ರ ಮತ್ತೆ ಮಾತಾಡಿ ಪೂರ್ತಿ ಕೇಜಿ ಲೆಕ್ಕದ ಡೋಸ್ ಬದಲು 40 ಮಿಲಿಗ್ರಾಂ ಫ್ಯೂರೋಸೆಮೈಡ್ ಕೊಟ್ವಿ, ಪ್ರೆಸರ್ ಓಡ್ತಿರೋ ಭಯಕ್ಕೆ. ಎರಡು ಗಂಟೆಯಲ್ಲಿ 650 ಎಂಎಲ್. ನಾರ್‌ಅಡ್ ಅರ್ಧ ಗಂಟೆ 0.10ಕ್ಕೆ ಏರ್ತು, ಆಮೇಲೆ 0.06. ಆಮೇಲೆ ಪ್ರೋನ್.

ಕಿಡ್ನಿ_ಕಾವಲುಗಾರ

650 ಅಂದ್ರೆ ಕಿಡ್ನಿ ಜೀವಂತ ಇದೆ. ಆರಾರು ಗಂಟೆಗೆ ಪೊಟ್ಯಾಶಿಯಂ, ಮೆಗ್ನೀಶಿಯಂ. ಸೋಡಿಯಂ ಮೇಲೂ ಕಣ್ಣಿರ್ಲಿ, ಲಾಸಿಕ್ಸ್ ಉಪ್ಪಿಗಿಂತ ನೀರನ್ನ ಜಾಸ್ತಿ ಹೊರಗೆ ಹಾಕತ್ತೆ, ಸೋಡಿಯಂ ಏರ್ತಾ ಹೋಗ್ಬೋದು.

ಸಂದೇಹಿ

ಆಲ್ಬ್ಯುಮಿನ್ (ರಕ್ತದ ಪ್ರೋಟೀನ್) ಜೊತೆಗೆ ಕೊಡಿ ಅಂತ ಯಾರೂ ಹೇಳಿಲ್ವಲ್ಲ ಇನ್ನೂ, ಆಶ್ಚರ್ಯ.

ಹಳೇ_ವೆಂಟಿಲೇಟರ್

ನೀವು ಹೇಳಿದ್ರಲ್ಲ. ಪ್ರೋಟೀನ್ ಕಮ್ಮಿ ಇರೋ ಪೇಶೆಂಟಿಗೆ ಫ್ಯೂರೋಸೆಮೈಡ್ ಜೊತೆ ಕೊಟ್ಟಾಗ ಆಕ್ಸಿಜನ್ ಸುಧಾರಿಸಿದ್ದು 2002, 2005ರ ಎರಡು ಸಣ್ಣ ಟ್ರಯಲ್‌ನಲ್ಲಿ, ಒಂದೊಂದರಲ್ಲೂ ನಲವತ್ತರ ಆಸುಪಾಸು ಜನ. ಸಾವು ಕಮ್ಮಿ ಆಗ್ಲಿಲ್ಲ. ಬರೀ ಲಾಸಿಕ್ಸಿಗೇ 650 ಬಂದವನಿಗೆ ನಾನು ಕೊಡಲ್ಲ. ಸ್ಟಾರ್ಚ್ (ಪಿಷ್ಟದಿಂದ ಮಾಡಿದ ಡ್ರಿಪ್) ಬಗ್ಗೆ ಮಾತ್ರ ಯಾರೂ ಬಾಯಿ ಬಿಡ್ಬೇಡಿ, ಅದರ ಕಥೆ 2012ರಲ್ಲೇ ಮುಗೀತು.

ರಾತ್ರಿಪಾಳಿ_ಪಿಜಿ

ಐದನೇ ದಿನ. ಒಳ್ಳೇದು ಕೆಟ್ಟದ್ದು ಎರಡೂ ಇದೆ. ನಾಲ್ಕನೇ ದಿನ ಮೈನಸ್ 1.1 ಲೀಟರ್, ಪಿ/ಎಫ್ 117ರಿಂದ 178. ಪ್ರೋನ್‌ನಿಂದಾನಾ ನೀರು ತೆಗೆದಿದ್ದಕ್ಕಾ ಹೇಳೋಕಾಗಲ್ಲ, ಎರಡೂ ಒಟ್ಟಿಗೇ ಮಾಡ್ದೆ. ಉಬ್ಬಿ ಹೋದೆ ಸ್ವಲ್ಪ. ಲಾಸಿಕ್ಸ್ ಇನ್ಫ್ಯೂಶನ್ ಹಾಕಿ ಇವತ್ತು ಬೆಳಿಗ್ಗೆ ಹೊತ್ತಿಗೆ ಇನ್ನೂ 1.8 ಲೀಟರ್ ತೆಗೆದೆ. ಬೆಳಿಗ್ಗೆ 5 ಗಂಟೆಗೆ ನಾರ್‌ಅಡ್ 0.03ರಿಂದ 0.12, ಬೆರಳು 4 ಸೆಕೆಂಡ್, ಲ್ಯಾಕ್ಟೇಟ್ 3.4, ಪೊಟ್ಯಾಶಿಯಂ 3.1. ಹೊಸ ಸೋಂಕು ಅಂತ ಕಲ್ಚರ್ ಕಳಿಸಿದೆ, ಎಕೋದಲ್ಲಿ ನೋಡಿದ್ರೆ ಹೃದಯ ಖಾಲಿ ಬಡ್ಕೋತಿತ್ತು, ಈ ಸಲ ಪಿಎಲ್‌ಆರ್ ಪಾಸಿಟಿವ್. 250 ವಾಪಸ್ ಕೊಟ್ಟೆ, ಲಾಸಿಕ್ಸ್ ನಿಲ್ಲಿಸಿದೆ. 9 ಗಂಟೆಗೆ ಬೆರಳು 2 ಸೆಕೆಂಡ್, ನಾರ್‌ಅಡ್ 0.05, ಲ್ಯಾಕ್ಟೇಟ್ 2.1.

ಎಮರ್ಜೆನ್ಸಿ_ಬಾಗಿಲು

250 ಕೊಟ್ಟಿದ್ದು ಸರಿ. ಒಂದು ಸಲ ಮೈನಸ್ ಶುರು ಮಾಡಿದ್ಮೇಲೆ ವಾಪಸ್ ಕೊಡೋದು ಸೋಲು ಅಂತ ಕೆಲವರಿಗೆ ಇರತ್ತೆ. ಚರ್ಮದ ಕೆಳಗಿನ ನೀರು ನಾಳಕ್ಕೆ ವಾಪಸ್ ಬರೋಕೆ ಟೈಮ್ ತಗೊಳತ್ತೆ, ನೀವು ಅದಕ್ಕಿಂತ ಜೋರಾಗಿ ಖಾಲಿ ಮಾಡಿದ್ರಿ, ಊತ ಹಾಗೇ ಇದ್ದು ನಾಳ ಖಾಲಿ ಆಯ್ತು.

ಹಳೇ_ವೆಂಟಿಲೇಟರ್

12 ಗಂಟೆ ಬಿಟ್ಟು ನೋಡಿ. ನಾಳೆ ಮೈನಸ್ 500 ಸಾಕು, 1800 ಬೇಡ. ನಾನು ಮೇಲೆ ಅಷ್ಟು ಜೋರಾಗಿ ಬರೆದಿದ್ದಕ್ಕೆ ನಿಮಗೆ ಹುಮ್ಮಸ್ಸು ಬಂತೇನೋ.

ಸಿಸ್ಟರ್_ಬೆಡ್_7

ತೂಕ ನೋಡಿದ್ರಾ? ಚಾರ್ಟ್ ಪ್ರಕಾರ ಒಟ್ಟು ಮೈನಸ್ 2.9 ಆಗಿದೆ, ಬೆಡ್ ಏನ್ ಹೇಳತ್ತೆ?

ರಾತ್ರಿಪಾಳಿ_ಪಿಜಿ

ಮೂರನೇ ದಿನ 78.4, ಇವತ್ತು 73.9. ನಾಲ್ಕೂವರೆ ಕೇಜಿ! ಜ್ವರ 39 ಇತ್ತು ಎರಡು ದಿನ, ಬೆವರು ಚಾರ್ಟಲ್ಲಿ ಎಲ್ಲೂ ಇಲ್ಲ. ಭೇದಿನೂ ಎರಡು ಸಲ ಆಗಿದೆ, ಯಾರೂ ಬರೆದಿಲ್ಲ.

ಸಿಸ್ಟರ್_ಬೆಡ್_7

ಅಂದ್ರೆ ನೀವು 2.9 ಅಂದ್ಕೊಂಡು ನಾಲ್ಕರ ಮೇಲೆ ತೆಗೆದಿದೀರಾ. ಆದ್ರೂ ಬೆಡ್ ಪೂರ್ತಿ ನಂಬ್ಬೇಡಿ, ಮೂರನೇ ದಿನ ತೂಗ್ದಾಗ ಕಂಬಳಿ, ಎರಡನೇ ದಿಂಬು ಇತ್ತಾ ಅಂತ ಹಗಲು ಪಾಳಿಯವರನ್ನ ಕೇಳಿ. ನಾಳೆ ಬೆಳಿಗ್ಗೆ 6ಕ್ಕೆ ಖಾಲಿ ಬೆಡ್ ಸೊನ್ನೆ ಮಾಡೋಕಾಗಲ್ಲ, ಹಾಗಾಗಿ ಇವತ್ತು ಏನೇನು ಬೆಡ್ ಮೇಲಿದೆಯೋ ಅಷ್ಟೇ ಇಟ್ಟು ತೂಗಿ, ವೆಂಟಿಲೇಟರ್ ಪೈಪ್ ಎತ್ತಿ ಹಿಡ್ಕೊಳ್ಳೋಕೆ ಒಬ್ರು ಬೇಕು.